ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳ ಹೊಂದಾಣಿಕೆ: ಓಮ್ ಲೆಕ್ಕ ಅರಿತು ಜೋಡಿಸುವ ಕ್ರಮ

ಗಡಿನಾಡಿನ ಕನ್ನಡಿಗರ ಸಾಂಸ್ಕೃತಿಕ ಬದುಕು ಬಹುಪಾಲು ಆಡುವ ಮಾತು ಮತ್ತು ಕೇಳುವ ಕಿವಿಗಳ ಬಲದಿಂದಲೇ ಉಳಿದು ಬಂದಿದೆ. ಕಾಸರಗೋಡಿನ ಬಯಲಾಟ, ತಾಳಮದ್ದಳೆ, ಭಜನಾ ಮಂದಿರದ ಉತ್ಸವ, ಅಕ್ಕಲಕೋಟೆ ಮತ್ತು ಜತ್ತ ಸೀಮೆಯ ಜಾತ್ರೆ, ಪುರಾಣ ಪ್ರವಚನ, ಕನ್ನಡ ಶಾಲೆಗಳ ವಾರ್ಷಿಕೋತ್ಸವ, ರಾಜ್ಯೋತ್ಸವದ ಸಭೆ ಇವೆಲ್ಲವುಗಳಲ್ಲೂ ಕೊನೆಯ ಸಾಲಿನಲ್ಲಿ ಕುಳಿತವರಿಗೆ ಮಾತು ಸ್ಪಷ್ಟವಾಗಿ ಕೇಳಿಸುವುದೇ ಕಾರ್ಯಕ್ರಮದ ಅರ್ಧ ಯಶಸ್ಸು. ತಾಳಮದ್ದಳೆಯ ಅರ್ಥಧಾರಿಯ ಮಾತು ಕೇಳಿಸದಿದ್ದರೆ ಅಲ್ಲಿ ನೋಡುವುದಕ್ಕೆ ಬೇರೇನೂ ಇರುವುದಿಲ್ಲ.

ಊರಿನವರು ‘ಮೈಕ್ ಸೆಟ್’ ಎಂದು ಒಂದೇ ಹೆಸರಿನಿಂದ ಕರೆಯುವ ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ. ಧ್ವನಿಯನ್ನು ವಿದ್ಯುತ್ತಾಗಿಸುವ ಮೈಕ್, ಆ ಕ್ಷೀಣ ವಿದ್ಯುತ್ತನ್ನು ಬಲಪಡಿಸುವ ಆಂಪ್ಲಿಫೈಯರ್, ಬಲಗೊಂಡ ವಿದ್ಯುತ್ತನ್ನು ಮರಳಿ ಧ್ವನಿಯಾಗಿಸುವ ಸ್ಪೀಕರ್. ಇವುಗಳಲ್ಲಿ ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವಿನ ಜೋಡಣೆ ತಪ್ಪಿದಾಗಲೇ ಯಂತ್ರ ಸುಡುವುದು, ಫ್ಯೂಸ್ ಹಾರುವುದು, ಧ್ವನಿ ಒಡೆಯುವುದು, ನಡುರಾತ್ರಿಯಲ್ಲಿ ಎಲ್ಲವೂ ಮೌನವಾಗುವುದು ಹೆಚ್ಚು. ಯಂತ್ರದ ಹಿಂಬದಿಯ ಬರಹಗಳು ಇಂಗ್ಲಿಷಿನಲ್ಲಿರುತ್ತವೆ. ಅವುಗಳ ಅರ್ಥವನ್ನು ಕನ್ನಡದಲ್ಲಿ ತಿಳಿಯಬಯಸುವ ಶಾಲಾ ಶಿಕ್ಷಕರಿಗೂ ಯುವಕ ಸಂಘಗಳಿಗೂ ಮಂದಿರಗಳ ಸಮಿತಿಯವರಿಗೂ ಉಪಯೋಗವಾಗಲೆಂದು ನಾವು ಈ ವಿವರಗಳನ್ನು ಒಂದೆಡೆ ಸೇರಿಸಿದ್ದೇವೆ. ಇದಕ್ಕೆ ಬೇಕಾಗುವುದು ಗುಣಾಕಾರ ಮತ್ತು ಭಾಗಾಕಾರ ಮಾತ್ರ.

ಓಮ್ ಎಂದರೇನು

ವಿದ್ಯುತ್ತಿನ ಹರಿವಿಗೆ ಒಂದು ವಸ್ತು ಒಡ್ಡುವ ತಡೆಯನ್ನು ಓಮ್ ಎಂಬ ಮಾನದಿಂದ ಅಳೆಯುತ್ತಾರೆ. ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಈ ಹೆಸರು ಬಂದಿದೆ. ವೋಲ್ಟೇಜನ್ನು ತಡೆಯಿಂದ ಭಾಗಿಸಿದರೆ ಹರಿಯುವ ಪ್ರವಾಹ ಆಂಪಿಯರ್‌ಗಳಲ್ಲಿ ಸಿಗುತ್ತದೆ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ತಡೆಯಿಂದ ಭಾಗಿಸಿದರೆ ಶಕ್ತಿ ವ್ಯಾಟ್‌ಗಳಲ್ಲಿ ಸಿಗುತ್ತದೆ. ಈ ಲೇಖನದ ಲೆಕ್ಕಗಳೆಲ್ಲ ಈ ಎರಡು ಸೂತ್ರಗಳಿಂದಲೇ ಹುಟ್ಟಿದವು.

ಸ್ಪೀಕರಿನೊಳಗೆ ಅಯಸ್ಕಾಂತದ ಸಂದಿನಲ್ಲಿ ತೆಳುವಾದ ತಂತಿಯ ಸುರುಳಿಯೊಂದು ಇರುತ್ತದೆ. ಮಾತು ಮತ್ತು ಸಂಗೀತದ ವಿದ್ಯುತ್ತು ಕ್ಷಣಕ್ಷಣವೂ ದಿಕ್ಕು ಬದಲಿಸುವುದರಿಂದ ಆ ಸುರುಳಿಯ ತಡೆ ಸ್ಥಿರವಾಗಿರದೆ ಸ್ವರದ ಎತ್ತರವನ್ನು ಅನುಸರಿಸಿ ಏರಿಳಿಯುತ್ತದೆ. ಇಂತಹ ಒಟ್ಟು ತಡೆಗೆ ಇಂಪಿಡೆನ್ಸ್ ಎಂದು ಹೆಸರು. 1886ರಲ್ಲಿ ಈ ಪದವನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಸ್ಪೀಕರಿನ ಬೆನ್ನಿನ ಮೇಲೆ ‘8 ಓಮ್’ ಎಂದು ಬರೆದಿದ್ದರೆ ಅದು ಹೆಸರಿಗೆ ಇಟ್ಟ ಒಂದು ಸುತ್ತಂಕಿ. ಕೆಲವು ಸ್ವರಗಳಲ್ಲಿ ಅದೇ ಸ್ಪೀಕರಿನ ತಡೆ 30 ಓಮ್‌ಗೂ ಏರಬಹುದು, ಇನ್ನು ಕೆಲವು ಸ್ವರಗಳಲ್ಲಿ ಸುಮಾರು ಆರೂವರೆಗೆ ಇಳಿಯಬಹುದು. ಬರೆದಿರುವ ಅಂಕಿಯ 80 ಶೇಕಡಕ್ಕಿಂತ ಕೆಳಗೆ ಇಳಿಯಬಾರದೆಂಬುದು ಅಂತಾರಾಷ್ಟ್ರೀಯ ಮಾನಕದ ನಿಯಮ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಬಾಕ್ಸ್‌ಗಳು 4 ಅಥವಾ 8 ಓಮ್‌ನವು, ಮರಕ್ಕೋ ಕಂಬಕ್ಕೋ ಕಟ್ಟುವ ಹಾರ್ನ್‌ಗಳ ಯೂನಿಟ್‌ಗಳು ಬಹುಮಟ್ಟಿಗೆ 16 ಓಮ್‌ನವು.

ಹೊಂದಾಣಿಕೆ ಎಂದರೆ ಸಮಾನತೆಯಲ್ಲ

‘8 ಓಮ್ ಔಟ್‌ಪುಟ್‌ಗೆ 8 ಓಮ್ ಸ್ಪೀಕರೇ ಬೇಕು’ ಎಂಬ ಮಾತು ಪ್ರಚಾರದಲ್ಲಿದೆ. ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳ ಮಟ್ಟಿಗೆ ಇದು ಅರ್ಧಸತ್ಯ. ಆಂಪ್ಲಿಫೈಯರಿನ ಒಳತಡೆ ಒಂದು ಓಮ್‌ನ ಸಣ್ಣ ಭಾಗದಷ್ಟೇ ಇರುತ್ತದೆ. ಅದನ್ನು ಸ್ಪೀಕರಿನ ತಡೆಗೆ ಸಮನಾಗಿಸುವ ಪ್ರಶ್ನೆಯೇ ಇಲ್ಲ. ಯಂತ್ರದ ಮೇಲೆ ಬರೆದಿರುವ ಓಮ್ ಅಂಕಿಯು ‘ಇದಕ್ಕಿಂತ ಕಡಿಮೆ ತಡೆಯನ್ನು ನನಗೆ ಜೋಡಿಸಬೇಡಿ’ ಎಂಬ ಎಚ್ಚರಿಕೆ.

ಒಂದು ಉದಾಹರಣೆ ನೋಡೋಣ. ಆಂಪ್ಲಿಫೈಯರೊಂದು ಗರಿಷ್ಠ 20 ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. ಅದಕ್ಕೆ 8 ಓಮ್ ಜೋಡಿಸಿದರೆ ಎರಡೂವರೆ ಆಂಪಿಯರ್ ಪ್ರವಾಹ, 50 ವ್ಯಾಟ್ ಶಕ್ತಿ. 4 ಓಮ್ ಜೋಡಿಸಿದರೆ 5 ಆಂಪಿಯರ್, 100 ವ್ಯಾಟ್. 2 ಓಮ್ ಜೋಡಿಸಿದರೆ 10 ಆಂಪಿಯರ್, 200 ವ್ಯಾಟ್. ಓಮ್ ಇಳಿದಂತೆ ಹೊರೆ ಏರುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಆ ಯಂತ್ರದ ಟ್ರಾನ್ಸಿಸ್ಟರುಗಳೂ ವಿದ್ಯುತ್ ಪೂರೈಕೆಯೂ 100 ವ್ಯಾಟ್‌ಗೆ ಮಾತ್ರ ರೂಪುಗೊಂಡಿದ್ದರೆ 2 ಓಮ್ ಹೊರೆಯನ್ನು ಅದು ಹೊರಲಾರದು. ಬಿಸಿಯೇರಿ ರಕ್ಷಣಾ ವ್ಯವಸ್ಥೆ ಧ್ವನಿಯನ್ನು ಕಡಿದುಹಾಕುತ್ತದೆ. ಆ ವ್ಯವಸ್ಥೆ ಇಲ್ಲದಿದ್ದರೆ ಟ್ರಾನ್ಸಿಸ್ಟರೇ ಸುಡುತ್ತದೆ. ಇದಕ್ಕೆ ಪ್ರತಿಯಾಗಿ 16 ಓಮ್ ಜೋಡಿಸಿದರೆ 25 ವ್ಯಾಟ್ ಮಾತ್ರ ಸಿಗುತ್ತದೆ. ಧ್ವನಿ ತುಸು ಕಡಿಮೆಯಾದರೂ ಯಂತ್ರಕ್ಕೆ ಅಪಾಯವಿಲ್ಲ.

ಸಭೆಗಳಿಗೆ ಬಳಸುವ ಹಲವು ಆಂಪ್ಲಿಫೈಯರುಗಳ ಬೆನ್ನಿನಲ್ಲಿ 4, 8, 16 ಓಮ್ ಹಾಗೂ 70 ಮತ್ತು 100 ವೋಲ್ಟ್ ಎಂಬ ಬೇರೆ ಬೇರೆ ಟರ್ಮಿನಲ್‌ಗಳಿರುತ್ತವೆ. ಒಳಗಿರುವ ಟ್ರಾನ್ಸ್‌ಫಾರ್ಮರು ಒಂದೇ ಶಕ್ತಿಯನ್ನು ಬೇರೆ ಬೇರೆ ವೋಲ್ಟೇಜಿನಲ್ಲಿ ಹೊರಗೆ ಕೊಡುತ್ತದೆ. 100 ವ್ಯಾಟ್ ಯಂತ್ರದಲ್ಲಿ 4 ಓಮ್ ಟರ್ಮಿನಲಿಗೆ 20 ವೋಲ್ಟ್, 16 ಓಮ್ ಟರ್ಮಿನಲಿಗೆ 40 ವೋಲ್ಟ್ ಬರುತ್ತದೆ. 16ರ ಟರ್ಮಿನಲಿಗೆ ತಪ್ಪಿ 4 ಓಮ್ ಸ್ಪೀಕರನ್ನು ಜೋಡಿಸಿದರೆ ಅದು 400 ವ್ಯಾಟ್ ಕೇಳುತ್ತದೆ, ಯಂತ್ರ ಸೋಲುತ್ತದೆ. 4ರ ಟರ್ಮಿನಲಿಗೆ 16 ಓಮ್ ಸ್ಪೀಕರನ್ನು ಜೋಡಿಸಿದರೆ 25 ವ್ಯಾಟ್ ಮಾತ್ರ ಹರಿಯುತ್ತದೆ, ಏನೂ ಕೆಡುವುದಿಲ್ಲ. ಆದ್ದರಿಂದ ಸಂದೇಹ ಬಂದಾಗ ಕಡಿಮೆ ಓಮ್ ಬರೆದಿರುವ ಟರ್ಮಿನಲನ್ನು ಆರಿಸುವುದು ಕ್ಷೇಮ. ಎರಡು ಬಗೆಯ ಟರ್ಮಿನಲ್‌ಗಳನ್ನು ಒಟ್ಟಿಗೆ ಬಳಸಿದರೆ ಎರಡರ ಹೊರೆಯೂ ಒಂದೇ ಯಂತ್ರದ ಮೇಲೆ ಕೂಡಿಬೀಳುವುದರಿಂದ ಒಂದು ವೇಳೆಗೆ ಒಂದನ್ನೇ ಬಳಸಬೇಕು.

ಹಲವು ಸ್ಪೀಕರುಗಳನ್ನು ಕೂಡಿಸುವ ಲೆಕ್ಕ

ಎರಡಕ್ಕಿಂತ ಹೆಚ್ಚು ಸ್ಪೀಕರುಗಳಿದ್ದಾಗ ಲೆಕ್ಕ ತಪ್ಪುವುದು ಸುಲಭ. ಜೋಡಣೆಯ ಕ್ರಮಗಳು ಮೂರು.

ಸರಣಿ ಜೋಡಣೆಯಲ್ಲಿ ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಕೂಡಿಸುತ್ತಾರೆ. ಇಲ್ಲಿ ಓಮ್‌ಗಳನ್ನು ಕೂಡಬೇಕು. 8 ಮತ್ತು 8 ಸೇರಿದರೆ 16. ಈ ಕ್ರಮದ ದೋಷವೆಂದರೆ ಒಂದು ಸ್ಪೀಕರಿನ ಸುರುಳಿ ತುಂಡಾದರೆ ಉಳಿದದ್ದೂ ಮೌನವಾಗುತ್ತದೆ.

ಸಮಾನಾಂತರ ಜೋಡಣೆಯಲ್ಲಿ ಎಲ್ಲ ಸ್ಪೀಕರುಗಳ ಎರಡು ತುದಿಗಳೂ ಅದೇ ಎರಡು ತಂತಿಗಳಿಗೆ ಸೇರುತ್ತವೆ. ಒಂದೇ ಬಗೆಯ ಸ್ಪೀಕರುಗಳಾದರೆ ಒಂದರ ಓಮ್ ಅಂಕಿಯನ್ನು ಸಂಖ್ಯೆಯಿಂದ ಭಾಗಿಸಬೇಕು. 8 ಓಮ್‌ನ ಎರಡು ಸೇರಿದರೆ 4, ನಾಲ್ಕು ಸೇರಿದರೆ 2. 16 ಓಮ್‌ನ ನಾಲ್ಕು ಹಾರ್ನ್‌ಗಳು ಸೇರಿದರೆ 4. ಮೈದಾನದಲ್ಲಿ ತಂತಿ ಎಳೆದು ಅಲ್ಲಲ್ಲಿ ಸ್ಪೀಕರ್ ನೇತು ಹಾಕುತ್ತ ಹೋಗುವವರು ಮಾಡುವುದು ಇದೇ ಜೋಡಣೆ. ‘ಇನ್ನೊಂದು ಇರಲಿ’ ಎಂದು ಸೇರಿಸಿದ ಪ್ರತಿಯೊಂದು ಸ್ಪೀಕರೂ ಒಟ್ಟು ಓಮನ್ನು ಇಳಿಸಿ ಹೊರೆಯನ್ನು ಏರಿಸುತ್ತದೆ.

ಮಿಶ್ರ ಜೋಡಣೆಯಲ್ಲಿ ಎರಡೆರಡನ್ನು ಸರಣಿಯಲ್ಲಿ ಕೂಡಿಸಿ, ಆ ಜೋಡಿಗಳನ್ನು ಸಮಾನಾಂತರವಾಗಿ ಸೇರಿಸುತ್ತಾರೆ. 8 ಓಮ್‌ನ ನಾಲ್ಕು ಬಾಕ್ಸ್‌ಗಳನ್ನು ಹೀಗೆ ಜೋಡಿಸಿದರೆ 16ರ ಎರಡು ಜೋಡಿ ಸೇರಿ ಮತ್ತೆ 8 ಓಮ್ ಆಗುತ್ತದೆ. ನಾಲ್ಕು ಬಾಕ್ಸ್‌ಗಳಿದ್ದು 4 ಓಮ್‌ಗಿಂತ ಕೆಳಗಿಳಿಯದ ಯಂತ್ರವಿದ್ದಾಗ ಇದೇ ಸರಿಯಾದ ಮಾರ್ಗ.

ಭಿನ್ನ ಓಮ್‌ನ ಸ್ಪೀಕರುಗಳನ್ನು ಬೆರೆಸಬಾರದು. 4 ಮತ್ತು 8 ಓಮ್‌ನವನ್ನು ಸಮಾನಾಂತರವಾಗಿ ಸೇರಿಸಿದರೆ ಒಟ್ಟು 2.67 ಓಮ್ ಆಗುವುದಲ್ಲದೆ, 4ರ ಸ್ಪೀಕರು 8ರದಕ್ಕಿಂತ ಇಮ್ಮಡಿ ಶಕ್ತಿಯನ್ನು ಸೆಳೆಯುತ್ತದೆ. ಸರಣಿಯಲ್ಲಿ ಸೇರಿಸಿದರೆ 8ರದು ಇಮ್ಮಡಿ ಸೆಳೆಯುತ್ತದೆ. ಎರಡೂ ರೀತಿಯಲ್ಲಿ ಒಂದರ ಮೇಲೆ ಹೊರೆ ಹೆಚ್ಚು.

ಎರಡು ಚಾನೆಲ್‌ಗಳ ಯಂತ್ರವನ್ನು ‘ಬ್ರಿಡ್ಜ್’ ಮಾಡಿ ಒಂದಾಗಿ ಬಳಸುವಾಗ ಪ್ರತಿ ಚಾನೆಲಿಗೂ ಸ್ಪೀಕರಿನ ಅರ್ಧ ಓಮ್ ಮಾತ್ರ ಕಾಣುತ್ತದೆ. 8 ಓಮ್ ಸ್ಪೀಕರು ಅಲ್ಲಿ 4 ಓಮ್‌ನಂತೆ ವರ್ತಿಸುತ್ತದೆ. 4 ಓಮ್ ಸ್ಪೀಕರು 2 ಓಮ್‌ನಂತೆ ವರ್ತಿಸುವುದರಿಂದ ಯಂತ್ರದ ಕೈಪಿಡಿ ಸ್ಪಷ್ಟವಾಗಿ ಒಪ್ಪದ ಹೊರತು ಅಂತಹ ಜೋಡಣೆ ಸಲ್ಲದು.

ತಂತಿಯೂ ಲೆಕ್ಕದೊಳಗೇ

ಸ್ಪೀಕರಿಗೆ ಹೋಗುವ ತಂತಿಗೂ ತನ್ನದೇ ತಡೆಯಿದೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು 50 ಮೀಟರ್ ದೂರಕ್ಕೆ ಎಳೆದರೆ, ಹೋಗಿಬರುವ ಒಟ್ಟು ಉದ್ದ 100 ಮೀಟರ್. ಅದರ ತಡೆ ಸುಮಾರು 1.7 ಓಮ್. ಹಿಂದಿನ ಉದಾಹರಣೆಯ 20 ವೋಲ್ಟ್ ಯಂತ್ರಕ್ಕೆ ಈ ತಂತಿಯ ತುದಿಯಲ್ಲಿ 8 ಓಮ್ ಸ್ಪೀಕರಿದ್ದರೆ ಅದಕ್ಕೆ 50ರ ಬದಲು ಸುಮಾರು 34 ವ್ಯಾಟ್ ತಲುಪುತ್ತದೆ. 4 ಓಮ್ ಸ್ಪೀಕರಿದ್ದರೆ 100ರ ಬದಲು 49 ವ್ಯಾಟ್ ತಲುಪಿ, 21 ವ್ಯಾಟ್‌ನಷ್ಟು ಶಕ್ತಿ ತಂತಿಯನ್ನು ಬಿಸಿ ಮಾಡುವುದರಲ್ಲೇ ಕಳೆಯುತ್ತದೆ. ಅಲ್ಯೂಮಿನಿಯಂ ತಂತಿಯಾದರೆ ತಡೆ ತಾಮ್ರದ ಒಂದೂವರೆ ಪಟ್ಟನ್ನೂ ಮೀರುತ್ತದೆ. ಓಮ್ ಲೆಕ್ಕದ ಜೋಡಣೆಯಲ್ಲಿ ತಂತಿ ಆದಷ್ಟು ಗಿಡ್ಡವೂ ದಪ್ಪವೂ ಆಗಿರಬೇಕು.

ದೂರದ ಊರಿಗೆ ನೂರು ವೋಲ್ಟ್ ಲೈನ್

ವಿಶಾಲವಾದ ಗದ್ದೆಬಯಲು, ಶಾಲೆಯ ಮೈದಾನ, ಜಾತ್ರೆಯ ಬೀದಿ ಇಂತಹ ಕಡೆಗಳಿಗಾಗಿಯೇ 100 ವೋಲ್ಟ್ ಲೈನ್ ಎಂಬ ಪದ್ಧತಿ ಇದೆ. ದೂರದ ಊರಿಗೆ ವಿದ್ಯುತ್ತನ್ನು ಹೈ ಟೆನ್ಷನ್ ತಂತಿಯಲ್ಲಿ ಸಾಗಿಸಿ ಅಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಇಳಿಸುವ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ವೋಲ್ಟೇಜ್ ಹೆಚ್ಚಿದಾಗ ಅದೇ ಶಕ್ತಿಗೆ ಪ್ರವಾಹ ಕಡಿಮೆ ಸಾಕು; ಪ್ರವಾಹ ಕಡಿಮೆಯಾದರೆ ತಂತಿಯಲ್ಲಿ ನಷ್ಟವೂ ಕಡಿಮೆ. ಮೇಲೆ ಹೇಳಿದ ಅದೇ 50 ಮೀಟರ್ ತಂತಿಯಲ್ಲಿ 50 ವ್ಯಾಟ್ ಹೊರೆಯನ್ನು 100 ವೋಲ್ಟ್‌ನಲ್ಲಿ ಸಾಗಿಸಿದರೆ ತಂತಿಯಲ್ಲಿ ಅರ್ಧ ವ್ಯಾಟ್ ಕೂಡ ನಷ್ಟವಾಗುವುದಿಲ್ಲ.

ಈ ಪದ್ಧತಿಯಲ್ಲಿ ಪ್ರತಿ ಸ್ಪೀಕರಿಗೂ ಒಂದು ಲೈನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎಲ್ಲವನ್ನೂ ಸಮಾನಾಂತರವಾಗಿ ಸೇರಿಸಲಾಗುತ್ತದೆ. ಓಮ್ ಲೆಕ್ಕದ ಗೋಜೂ ಇಲ್ಲಿ ತಪ್ಪುತ್ತದೆ. ಪ್ರತಿ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ ವ್ಯಾಟ್‌ಗಳನ್ನು ಕೂಡಿ, ಮೊತ್ತವು ಆಂಪ್ಲಿಫೈಯರಿನ ವ್ಯಾಟ್‌ನ 80 ಶೇಕಡವನ್ನು ದಾಟದಂತೆ ನೋಡಿಕೊಂಡರೆ ಸಾಕು. 120 ವ್ಯಾಟ್ ಯಂತ್ರದಲ್ಲಿ ವೇದಿಕೆಯ ಬಳಿ 20 ವ್ಯಾಟ್‌ನ ಎರಡು ಕಾಲಮ್ ಸ್ಪೀಕರುಗಳನ್ನೂ ಮೈದಾನದ ಅಂಚಿನಲ್ಲಿ 10 ವ್ಯಾಟ್‌ನ ನಾಲ್ಕು ಹಾರ್ನ್‌ಗಳನ್ನೂ ಇಟ್ಟರೆ ಮೊತ್ತ 80 ವ್ಯಾಟ್. ಅಡುಗೆ ಚಪ್ಪರದ ಕಡೆಗೆ 15 ವ್ಯಾಟ್‌ನದೊಂದನ್ನು ಸೇರಿಸಿದರೆ 95, ಅಲ್ಲಿಗೆ ನಿಲ್ಲಿಸಬೇಕು.

ಎರಡು ಪದ್ಧತಿಗಳನ್ನು ಎಂದಿಗೂ ಕಲಸಬಾರದು. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಸ್ಪೀಕರನ್ನು 100 ವೋಲ್ಟ್ ಟರ್ಮಿನಲಿಗೆ ನೇರವಾಗಿ ಜೋಡಿಸಿದರೆ ಲೆಕ್ಕದ ಪ್ರಕಾರ ಅದು 1250 ವ್ಯಾಟ್ ಕೇಳುತ್ತದೆ. ಸ್ಪೀಕರೋ ಯಂತ್ರವೋ ಒಂದು ಸುಡುವುದು ಖಂಡಿತ. 100 ವೋಲ್ಟ್‌ನ 10 ವ್ಯಾಟ್ ಹಾರ್ನನ್ನು 20 ವೋಲ್ಟ್ ಕೊಡುವ ಓಮ್ ಟರ್ಮಿನಲಿಗೆ ಜೋಡಿಸಿದರೆ ಅದಕ್ಕೆ ಅರ್ಧ ವ್ಯಾಟ್‌ಗಿಂತಲೂ ಕಡಿಮೆ ಸಿಕ್ಕಿ ಪಿಸುಮಾತಿನಂತೆ ಕೇಳಿಸುತ್ತದೆ. ಹೊಸ ಹಾರ್ನ್ ‘ಕೆಟ್ಟಿದೆ’ ಎಂದು ಅಂಗಡಿಗೆ ಮರಳಿಸುವ ಮುನ್ನ ಇದನ್ನೊಮ್ಮೆ ಪರಿಶೀಲಿಸಬೇಕು. 100 ವೋಲ್ಟ್ ತಂತಿ ಮುಟ್ಟಿದರೆ ಶಾಕ್ ಹೊಡೆಯುವಷ್ಟು ಬಲವುಳ್ಳದ್ದು ಎಂಬುದನ್ನೂ ಮರೆಯಬಾರದು. ಪತ್ತನಾಜೆಯ ಹೊತ್ತಿಗೆ ಸುರಿಯುವ ಮಳೆಯಲ್ಲಿ ಬೇಲಿಯ ಮೇಲೆ ಬರಿಗಂಟಿನ ತಂತಿ ಎಳೆಯುವುದು ಪ್ರಾಣಾಪಾಯ. ಗಂಟುಗಳಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಕಟ್ಟಬೇಕು.

ಹಳೆಯ ವಾಲ್ವ್ ಯಂತ್ರಗಳ ಬೇರೆಯೇ ನಿಯಮ

ಕೆಲವು ಮಂದಿರಗಳಲ್ಲೂ ಹಳೆಯ ಮೈಕ್ ಅಂಗಡಿಗಳಲ್ಲೂ ವಾಲ್ವ್ ಆಂಪ್ಲಿಫೈಯರುಗಳು ಇನ್ನೂ ಉಳಿದಿರಬಹುದು. ವಾಲ್ವ್‌ಗೆ ಸಾವಿರಾರು ಓಮ್‌ಗಳ ಹೊರೆ ಬೇಕು, ಸ್ಪೀಕರಿನಲ್ಲಿರುವುದು ಕೆಲವೇ ಓಮ್. ಈ ಅಂತರವನ್ನು ತುಂಬುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 5000 ಓಮ್ ಬೇಡುವ ವಾಲ್ವ್‌ಗೆ 8 ಓಮ್ ಸ್ಪೀಕರನ್ನು ಹೊಂದಿಸಲು ಸುತ್ತುಗಳ ಅನುಪಾತ 25ಕ್ಕೆ 1 ಇರಬೇಕು; ಏಕೆಂದರೆ 25ನ್ನು 25ರಿಂದ ಗುಣಿಸಿದ 625, 5000ವನ್ನು 8ರಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಆಗಿದೆ. ಬರೆದಷ್ಟೇ ಓಮ್‌ನ ಸ್ಪೀಕರನ್ನು ಜೋಡಿಸಬೇಕೆಂಬ ಹಳೆಯ ಮಾತು ಹುಟ್ಟಿದ್ದು ಈ ಯಂತ್ರಗಳ ಕಾಲದಲ್ಲಿ, ಅವುಗಳ ಮಟ್ಟಿಗೆ ಅದು ಇಂದಿಗೂ ಸತ್ಯ. ಸ್ಪೀಕರನ್ನೇ ಜೋಡಿಸದೆ ವಾಲ್ವ್ ಯಂತ್ರವನ್ನು ಜೋರಾಗಿ ನಡೆಸಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಅದು ಹಾಳಾಗಬಹುದು. ಟ್ರಾನ್ಸಿಸ್ಟರ್ ಯಂತ್ರದ ಸ್ವಭಾವ ಇದಕ್ಕೆ ವಿರುದ್ಧ. ಅದಕ್ಕೆ ಸ್ಪೀಕರ್ ಇಲ್ಲದಿರುವುದು ಅಪಾಯವಲ್ಲ, ತಂತಿಗಳು ಒಂದಕ್ಕೊಂದು ತಗಲಿ ಶಾರ್ಟ್ ಆಗುವುದು ಅಪಾಯ.

ವ್ಯಾಟ್ ಹೆಚ್ಚಿಸಿದರೆ ಮಾತು ಸ್ಪಷ್ಟವಾಗುವುದೇ?

ಓಮ್ ಸರಿಯಿದ್ದರೂ ಯಂತ್ರವನ್ನು ಅದರ ಶಕ್ತಿ ಮೀರಿ ತಿರುಗಿಸಿದರೆ ಧ್ವನಿಯ ಅಲೆಗಳ ನೆತ್ತಿ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಹೀಗೆ ಪೂರ್ತಿ ಚೌಕಾಕಾರಕ್ಕೆ ಬಂದ ಅಲೆ, ಅದೇ ಎತ್ತರದ ನಯವಾದ ಅಲೆಗಿಂತ ಇಮ್ಮಡಿ ಶಕ್ತಿಯನ್ನು ಸ್ಪೀಕರಿಗೆ ನೂಕುತ್ತದೆ. ಸಣ್ಣ ಯಂತ್ರದಿಂದಲೂ ದೊಡ್ಡ ಸ್ಪೀಕರ್ ಸುಡುವುದಕ್ಕೆ ಇದೇ ಕಾರಣ. ಮಾತು ಒಡೆದು ಕೇಳಿಸತೊಡಗಿದ ಕೂಡಲೇ ಗುಬುಟನ್ನು ಹಿಂದಕ್ಕೆ ತಿರುಗಿಸಬೇಕು.

ವ್ಯಾಟ್ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಚಿಕ್ಕ ವ್ಯತ್ಯಾಸ. ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದರೆ ಬಯಲಿನಲ್ಲಿ ಸ್ಪೀಕರಿಗೂ ಕೇಳುಗರಿಗೂ ನಡುವಿನ ದೂರವನ್ನು ಅರ್ಧಕ್ಕೆ ಇಳಿಸಿದರೆ 6 ಡೆಸಿಬೆಲ್ ಲಾಭ ಖರ್ಚಿಲ್ಲದೆ ದೊರೆಯುತ್ತದೆ. ಆದ್ದರಿಂದ ಓಮ್ ಇಳಿಸಿ ವೇದಿಕೆಯ ಬಳಿ ಅಬ್ಬರಿಸುವುದಕ್ಕಿಂತ 100 ವೋಲ್ಟ್ ಲೈನಿನಲ್ಲಿ ಸಣ್ಣ ಸ್ಪೀಕರುಗಳನ್ನು ಜನರ ಹತ್ತಿರಕ್ಕೆ ಒಯ್ಯುವುದು ಮಾತಿಗೆ ಹಿತ. 2000ದ ಶಬ್ದಮಾಲಿನ್ಯ ನಿಯಮಗಳು ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತವೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ವಸತಿ ಪ್ರದೇಶಕ್ಕೆ ಹಗಲು 55 ಮತ್ತು ರಾತ್ರಿ 45 ಡೆಸಿಬೆಲ್ ಮಿತಿ ನಿಗದಿಯಾಗಿದೆ, ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಕೆಗೆ ನಿರ್ಬಂಧವಿದೆ. ಹತ್ತಿರದ ಸಣ್ಣ ಸ್ಪೀಕರುಗಳು ಸಭೆಯೊಳಗೆ ಮಾತನ್ನು ಮುಟ್ಟಿಸುತ್ತವೆ, ನೆರೆಮನೆಯ ನಿದ್ದೆಯನ್ನೂ ಕಾಯುತ್ತವೆ.

ಕಾರ್ಯಕ್ರಮಕ್ಕೆ ಮುನ್ನ ನೋಡಬೇಕಾದವು

ಮೊದಲನೆಯದಾಗಿ, ಪ್ರತಿ ಸ್ಪೀಕರಿನ ಓಮ್ ಮತ್ತು ವ್ಯಾಟ್ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದು ಜೋಡಣೆಯ ಚಿತ್ರ ಬಿಡಿಸಿ ಒಟ್ಟು ಓಮ್ ಲೆಕ್ಕ ಹಾಕಬೇಕು.

ಎರಡನೆಯದಾಗಿ, ಅಂಕಿ ಅಳಿಸಿಹೋಗಿದ್ದರೆ ಮಲ್ಟಿಮೀಟರಿನಿಂದ ಅಳೆಯಬೇಕು. ಮೀಟರ್ ತೋರಿಸುವುದು ಸುರುಳಿಯ ನೇರ ತಡೆಯನ್ನಷ್ಟೇ ಆದುದರಿಂದ ಅಂಕಿ ತುಸು ಕಡಿಮೆ ಬರುತ್ತದೆ. 3ರಿಂದ 3.5 ತೋರಿಸಿದರೆ ಅದು 4 ಓಮ್‌ನದು, 6ರಿಂದ 7 ತೋರಿಸಿದರೆ 8ರದು, 12ರಿಂದ 14 ತೋರಿಸಿದರೆ 16ರದು ಎಂದು ಸಾಮಾನ್ಯವಾಗಿ ತಿಳಿಯಬಹುದು. ಲೈನ್ ಟ್ರಾನ್ಸ್‌ಫಾರ್ಮರ್ ಇರುವ ಸ್ಪೀಕರಿಗೆ ಈ ಅಳತೆ ನಂಬಿಕೆಗೆ ಅರ್ಹವಲ್ಲ.

ಮೂರನೆಯದಾಗಿ, ತಂತಿಯನ್ನೆಲ್ಲ ಎಳೆದು ಮುಗಿಸಿದ ಮೇಲೆ ಯಂತ್ರದ ಕಡೆಯ ತುದಿಯನ್ನು ಜೋಡಿಸುವ ಮುನ್ನ ಅಲ್ಲಿ ಒಮ್ಮೆ ಅಳೆಯಬೇಕು. ಓಮ್ ಜೋಡಣೆಯಲ್ಲಿ ಲೆಕ್ಕಕ್ಕಿಂತ ಬಹಳ ಕಡಿಮೆ ಬಂದರೆ ಎಲ್ಲೋ ತಂತಿ ಕೂಡಿಕೊಂಡಿದೆ, ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ.

ನಾಲ್ಕನೆಯದಾಗಿ, ಎಲ್ಲ ಸ್ಪೀಕರುಗಳ ಧನ ಟರ್ಮಿನಲ್‌ಗಳು ಒಂದೇ ತಂತಿಗೆ ಸೇರಿರಬೇಕು. ಅಕ್ಕಪಕ್ಕದ ಎರಡರಲ್ಲಿ ಒಂದು ತಿರುಗುಮುರುಗಾದರೆ ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದು ಧ್ವನಿ ಪೊಳ್ಳಾಗುತ್ತದೆ.

ಐದನೆಯದಾಗಿ, ಜೋಡಣೆ ಬದಲಿಸುವಾಗ ಯಂತ್ರ ಆರಿಸಿರಬೇಕು. ಆನ್ ಮಾಡುವಾಗ ಧ್ವನಿಯ ಗುಬುಟು ಸೊನ್ನೆಯಲ್ಲಿರಬೇಕು. ಹತ್ತು ನಿಮಿಷ ನಡೆಸಿದ ಮೇಲೆ ಯಂತ್ರದ ಬೆನ್ನಿಗೆ ಅಂಗೈ ಹತ್ತಿರ ಹಿಡಿದು ನೋಡಬೇಕು. ಸಹಿಸಲಾಗದ ಬಿಸಿಯಿದ್ದರೆ ಹೊರೆ ಹೆಚ್ಚಾಗಿದೆಯೆಂದೇ ತಿಳಿಯಬೇಕು.

ಮೈಕ್ ಸೆಟ್ ಬಾಡಿಗೆಗೆ ತರುವವರಾದರೂ ಈ ಕಾಗದವನ್ನು ಸಿದ್ಧವಾಗಿಟ್ಟುಕೊಂಡರೆ ಮೈಕಿನವರೊಡನೆ ಒಂದೇ ಭಾಷೆಯಲ್ಲಿ ಮಾತನಾಡಬಹುದು. ಮೈದಾನದ ಅಳತೆಯನ್ನೂ ಜನರ ಅಂದಾಜನ್ನೂ ಮುಂಚಿತವಾಗಿ ತಿಳಿಸಿ, ಓಮ್ ಜೋಡಣೆಯೋ 100 ವೋಲ್ಟ್ ಲೈನೋ ಎಂಬುದನ್ನು ಹಿಂದಿನ ದಿನವೇ ನಿಶ್ಚಯಿಸಬಹುದು. ಶಾಲೆಗಳಲ್ಲಿ ಹತ್ತನೆಯ ತರಗತಿಯ ಭೌತವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇರೊಂದಿಲ್ಲ. ತಮ್ಮ ಶಾಲೆಯ ವಾರ್ಷಿಕೋತ್ಸವದ ಸ್ಪೀಕರುಗಳ ಲೆಕ್ಕವನ್ನು ಮಕ್ಕಳೇ ಕನ್ನಡದಲ್ಲಿ ಮಾಡಿ ಕಾಗದವನ್ನು ಆಂಪ್ಲಿಫೈಯರಿನ ಪಕ್ಕದಲ್ಲಿ ಅಂಟಿಸಲಿ ಎಂಬುದು ನಮ್ಮ ಸಲಹೆ.